ನೆರೆಮನೆಯ ನಾಯಿ ಮತ್ತು ಮಕ್ಕಳ ಸುರಕ್ಷತೆ

ನಾಯಿಯಿಲ್ಲದ ಹಳ್ಳಿಯಿಲ್ಲ. ಕಣದಲ್ಲಿ ರಾಶಿ ಬಿದ್ದಿರುವಾಗ, ತೋಟದಲ್ಲಿ ಫಸಲು ನಿಂತಿರುವಾಗ, ಕುರಿಹಟ್ಟಿಯ ಬಳಿ ತೋಳ ಸುಳಿಯುವಾಗ ರೈತನಿಗೆ ನೆರವಾಗುವುದು ನಾಯಿಯೇ. ಮಲೆನಾಡಿನ ಒಂಟಿಮನೆಗಳಲ್ಲಂತೂ ಅದು ಮನೆಮಂದಿಯ ಪೈಕಿ ಒಂದಾಗಿರುತ್ತದೆ. ಆದರೆ ಒಂದು ಮನೆಗೆ ಕಾವಲಾದ ನಾಯಿಯೇ ಪಕ್ಕದ ಮನೆಯ ಮಗುವಿಗೆ ಕಂಟಕವಾಗುವುದುಂಟು. ಶಾಲೆಗೆ ಹೊರಟ ಮಕ್ಕಳನ್ನು ಅಟ್ಟಿಸಿಕೊಂಡು ಬರುವ, ಬೀದಿಯಲ್ಲಿ ಆಡುವ ಕೂಸಿನ ಮೇಲೆರಗುವ ನಾಯಿ ಯಾವುದೆಂಬುದು ಇಡೀ ಊರಿಗೆ ತಿಳಿದಿರುತ್ತದೆ. ಆದರೂ, "ಒಂದೇ ಬೀದಿಯವರು, ಹೇಳುವುದು ಹೇಗೆ?" ಎಂದು ಎಲ್ಲರೂ ಸುಮ್ಮನಿದ್ದುಬಿಡುತ್ತಾರೆ.

ಈ ದಾಕ್ಷಿಣ್ಯವು ಎರಡು ಸಲ ಕೆಡುಕು ಮಾಡುತ್ತದೆ. ಕಚ್ಚುವ ಮೊದಲು ಅದು ಮಾತನ್ನು ತಡೆಯುತ್ತದೆ. ಕಚ್ಚಿದ ಮೇಲೆ, "ಪಕ್ಕದ ಮನೆಯ ನಾಯಿ ತಾನೇ, ಏನೂ ಆಗುವುದಿಲ್ಲ" ಎಂಬ ನಂಬಿಕೆಯಾಗಿ ಚಿಕಿತ್ಸೆಯನ್ನು ತಡೆಯುತ್ತದೆ. ಮೊದಲನೆಯದರಿಂದ ಮಗುವಿಗೆ ಗಾಯವಾಗಬಹುದು. ಎರಡನೆಯದರಿಂದ ಪ್ರಾಣವೇ ಹೋಗಬಹುದು.

ಅಪಾಯದ ಸ್ವರೂಪ

ನಾಯಿ ಕಡಿತದಿಂದ ಬರುವ ಅತಿ ದೊಡ್ಡ ಅಪಾಯವೆಂದರೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿರುವ ವಿಷಾಣುಗಳು ಕಚ್ಚಿದ ಅಥವಾ ಪರಚಿದ ಗಾಯದ ಮೂಲಕ ದೇಹವನ್ನು ಸೇರಿ, ನರಗಳ ಗುಂಟ ಸಾಗಿ ಮಿದುಳನ್ನು ತಲುಪುತ್ತವೆ. ರೋಗದ ಲಕ್ಷಣಗಳು ಸಾಮಾನ್ಯವಾಗಿ 1ರಿಂದ 3 ತಿಂಗಳೊಳಗೆ ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಒಂದೇ ವಾರದಲ್ಲಿ, ಅಪರೂಪಕ್ಕೆ ಒಂದು ವರ್ಷದ ನಂತರವೂ ಕಾಣಿಸುವುದುಂಟು. ಲಕ್ಷಣಗಳು ಕಂಡ ಮೇಲೆ ರೋಗಿಯು ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಕೊಟ್ಟರೆ ಈ ರೋಗವು ಬಾರದಂತೆ ಖಂಡಿತ ತಡೆಯಬಹುದು.

ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುವಂಥದು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಇದಕ್ಕೆ ಕಾರಣಗಳಿವೆ. ಮಕ್ಕಳು ಕುಳ್ಳಗಿರುವುದರಿಂದ ನಾಯಿಯ ಬಾಯಿ ಅವರ ಮುಖ, ಕತ್ತುಗಳಿಗೆ ಸುಲಭವಾಗಿ ಎಟಕುತ್ತದೆ. ಗಾಯವು ಮಿದುಳಿಗೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಇದಲ್ಲದೆ, ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು, ಪರಚಿದ್ದನ್ನು ಮನೆಯಲ್ಲಿ ಮುಚ್ಚಿಡುವುದೂ ಉಂಟು.

ನಾಯಿ ಎರಗುವುದೇಕೆ?

ಎರಗುವ ನಾಯಿಗಳೆಲ್ಲ ಹುಚ್ಚು ಹಿಡಿದವಲ್ಲ. ತನ್ನ ಮನೆಯ ಮುಂದಿನ ಬೀದಿಯೂ ತನ್ನದೇ ಎಂದು ನಾಯಿ ತಿಳಿಯುತ್ತದೆ. ಮರಿ ಹಾಕಿದ ಹೆಣ್ಣುನಾಯಿ ಹತ್ತಿರ ಬಂದವರನ್ನು ಸಹಿಸುವುದಿಲ್ಲ. ತಿನ್ನುತ್ತಿರುವಾಗ, ಮಲಗಿರುವಾಗ ಕೆಣಕಿದರೆ ಸಾಧು ನಾಯಿಯೂ ಕಚ್ಚುತ್ತದೆ. ಒಂಟಿಯಾಗಿದ್ದಾಗ ಹೆದರುವ ನಾಯಿ ನಾಲ್ಕು ನಾಯಿಗಳ ಜೊತೆ ಸೇರಿದಾಗ ಧೈರ್ಯ ತಾಳುತ್ತದೆ. ಮುಧೋಳದಂತಹ ಬೇಟೆ ತಳಿಗಳಿಗೆ ಓಡುವುದನ್ನು ಕಂಡರೆ ಬೆನ್ನಟ್ಟುವುದು ಹುಟ್ಟುಗುಣ. ಹಗಲಿಡೀ ಗಿಡ್ಡ ಸರಪಳಿಯಲ್ಲಿ ಬಿಗಿದಿಟ್ಟು ಒಮ್ಮೆಲೇ ಬಿಟ್ಟ ನಾಯಿಯೂ ಮುಂಗೋಪಿಯಾಗಿರುತ್ತದೆ. ಕಾರಣವನ್ನು ತಿಳಿದರೆ ಉಪಾಯ ಸುಲಭ.

ನೆರೆಯವರಿಗೆ ತಿಳಿಸುವ ಬಗೆ

ನಾಯಿ ಅಟ್ಟಿಸಿಕೊಂಡು ಬಂದ ಗಳಿಗೆಯಲ್ಲೇ ಬೀದಿಯಲ್ಲಿ ನಿಂತು ಕೂಗಾಡಿದರೆ ಮಾತು ನಾಯಿಯನ್ನು ಬಿಟ್ಟು ಬೇಲಿ, ಬದು, ಹಳೆಯ ಜಗಳಗಳ ಕಡೆಗೆ ತಿರುಗುತ್ತದೆ. ಸಿಟ್ಟು ಇಳಿದ ಮೇಲೆ, ನಾಯಿಯ ಯಜಮಾನ ಮನೆಯಲ್ಲಿರುವ ಹೊತ್ತು ನೋಡಿ, ನಾಲ್ಕು ಜನರ ಎದುರಿಗಲ್ಲದೆ ಹೇಳುವುದು ಲೇಸು. "ನಿಮ್ಮ ನಾಯಿ ಕೆಟ್ಟದ್ದು" ಎನ್ನುವುದಕ್ಕಿಂತ ನಡೆದುದನ್ನು ನಡೆದಂತೆ ತಿಳಿಸಬೇಕು. "ಅಣ್ಣಾ, ನಿನ್ನೆ ಶಾಲೆ ಬಿಟ್ಟಾಗ ನಾಯಿ ನಮ್ಮ ಹುಡುಗಿಯನ್ನು ಬಾವಿಕಟ್ಟೆಯವರೆಗೆ ಅಟ್ಟಿಸಿಕೊಂಡು ಬಂತು. ಮಕ್ಕಳು ಹೋಗಿಬರುವ ಹೊತ್ತಿನಲ್ಲಿ ಕಟ್ಟಿಹಾಕಿದರೆ ಉಪಕಾರವಾಗುತ್ತದೆ" ಎಂದರೆ ಕೇಳಿದವನಿಗೆ ಮಾಡಬೇಕಾದುದು ಏನೆಂಬುದು ಸ್ಪಷ್ಟವಾಗುತ್ತದೆ.

ಕೇಳಬೇಕಾದುದು ಮುಖ್ಯವಾಗಿ ಎರಡು. ಒಂದು, ಮಕ್ಕಳು ಓಡಾಡುವ ಹೊತ್ತಿನಲ್ಲಿ ನಾಯಿಯನ್ನು ಕಟ್ಟುವುದು. ಎರಡು, ರೇಬೀಸ್ ಲಸಿಕೆ ಹಾಕಿಸುವುದು. "ನಾಳೆ ಪಶು ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ" ಎಂದು ಸೇರಿಸಿದರೆ ಮಾತು ದೂರಾಗದೆ ನೆರವಾಗುತ್ತದೆ. ಅದೇ ನಾಯಿಗೆ ಹುಚ್ಚು ಹಿಡಿದರೆ ಮೊದಲು ತೊಂದರೆಗೆ ಸಿಲುಕುವವರು ಸಾಕಿದ ಮನೆಯವರು ಮತ್ತು ಅವರ ಕೊಟ್ಟಿಗೆಯ ದನಕರುಗಳು ಎಂಬುದನ್ನೂ ನೆನಪಿಸಬಹುದು.

ನಾಯಿ ಸಾಕಿದವರ ಹೊಣೆ

ನಾಯಿಮರಿಗೆ 3 ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಪಶುವೈದ್ಯರ ಸಲಹೆಯಂತೆ ಎರಡನೆಯ ಸಲ ಹಾಕಿಸಿ, ಅನಂತರ ವರ್ಷಕ್ಕೊಮ್ಮೆ ತಪ್ಪದೆ ಮುಂದುವರಿಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವೆಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಲಸಿಕೆಯ ಚೀಟಿಯನ್ನು ಪಹಣಿ ಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸಾಕಿದ ನಾಯಿಯ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯ ಹೊಣೆ ಒಡೆಯನದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಈ ಚಿಕಿತ್ಸೆಯಿಂದ ಗಂಡುನಾಯಿಯ ಅಲೆದಾಟ, ಕಾದಾಟಗಳು ಕಡಿಮೆಯಾಗುತ್ತವೆಯೇ ಹೊರತು ಕಾವಲಿನ ಗುಣ ಹೋಗುವುದಿಲ್ಲ.

ಕಟ್ಟುವುದೆಂದರೆ ಗೂಟಕ್ಕೆ ಬಿಗಿಯುವುದಲ್ಲ. ಹಿತ್ತಲಿನಲ್ಲಿ ಎರಡು ಕಂಬಗಳ ನಡುವೆ ಗಟ್ಟಿ ತಂತಿ ಎಳೆದು, ಅದಕ್ಕೆ ಕಬ್ಬಿಣದ ಬಳೆಯೊಂದನ್ನು ಪೋಣಿಸಿ, ಸರಪಳಿಯನ್ನು ಆ ಬಳೆಗೆ ಸಿಕ್ಕಿಸಿದರೆ ನಾಯಿಯು ತಂತಿಯುದ್ದಕ್ಕೂ ಓಡಾಡಿಕೊಂಡಿರುತ್ತದೆ. ಸರಪಳಿಯು ಬೇಲಿಗಾಗಲಿ ಬೀದಿಗಾಗಲಿ ಎಟಕದಂತೆ ನೋಡಿಕೊಳ್ಳಬೇಕು. ನೆರಳು, ನೀರು ಹತ್ತಿರವಿರಬೇಕು. ಬೆಳಿಗ್ಗೆ, ಸಂಜೆ ಸರಪಳಿ ಹಿಡಿದು ಒಂದಿಷ್ಟು ಹೊತ್ತು ತಿರುಗಾಡಿಸಬೇಕು. ಬೇಲಿ ಭದ್ರವಾಗಿರುವ ಮನೆಯಲ್ಲಿ ಮಕ್ಕಳ ಓಡಾಟ ನಿಂತ ಮೇಲೆ ರಾತ್ರಿ ಬಿಟ್ಟರೆ ಕಾವಲಿಗೂ ಕೊರತೆಯಾಗದು.

ಮಾತಿಗೆ ಬಗ್ಗದಿದ್ದರೆ

ಒಂದೆರಡು ಸಲ ಹೇಳಿದರೂ ನಾಯಿ ಬೀದಿಯಲ್ಲೇ ಇದ್ದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ಎರಗಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಮನೆಯವರು ಗೌರವಿಸುವ ಹಿರಿಯರೊಬ್ಬರ ಮೂಲಕ ಹೇಳಿಸುವುದು ಮುಂದಿನ ಹೆಜ್ಜೆ. ಶಾಲೆಯ ದಾರಿಯ ನಾಯಿಯಾದರೆ ಮುಖ್ಯೋಪಾಧ್ಯಾಯರಿಗೂ ಶಾಲಾಭಿವೃದ್ಧಿ ಸಮಿತಿಗೂ ತಿಳಿಸಬೇಕು. ಹಲವು ಪೋಷಕರು ಕೂಡಿ ಹೇಳಿದಾಗ ಅದು ಇಬ್ಬರ ಜಗಳವೆನಿಸುವುದಿಲ್ಲ. ಅದರಿಂದಲೂ ಪ್ರಯೋಜನವಾಗದಿದ್ದರೆ ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಮಸಭೆಯಲ್ಲಿಯೂ ವಿಷಯವನ್ನು ಎತ್ತಬಹುದು.

ಕಾನೂನಿನ ಬೆಂಬಲವೂ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯವಾಗುವ ಸಂಭವವಿದ್ದರೂ ಸಾಕಷ್ಟು ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪೊಲೀಸ್ ಠಾಣೆಗೆ ಹೋಗುವುದು ಕಡೆಯ ಮಾರ್ಗ. ಆದರೆ ಮಕ್ಕಳ ಪ್ರಾಣದ ಪ್ರಶ್ನೆ ಬಂದಾಗ ಅದಕ್ಕೂ ಹಿಂಜರಿಯಬಾರದು.

ವಿಷವಿಕ್ಕುವುದು ಪರಿಹಾರವಲ್ಲ

ಬೇಸತ್ತವರು ಮಾಂಸದಲ್ಲಿ ಕೀಟನಾಶಕ ಬೆರೆಸಿ ಹಾಕುವುದುಂಟು. ಇದು ಅಪರಾಧ, ಇದೇ ಸಂಹಿತೆಯ 325ನೇ ಕಲಮಿನಂತೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬೀದಿಯಲ್ಲಿ ಬಿದ್ದ ವಿಷದ ತುಣುಕನ್ನು ಕೋಳಿ, ಬೆಕ್ಕುಗಳು ತಿನ್ನಬಹುದು, ಮಗುವೇ ಮುಟ್ಟಬಹುದು. ಕಚ್ಚಿದ ನಾಯಿಯನ್ನು ಕೊಂದರೆ ಇನ್ನೊಂದು ನಷ್ಟವಿದೆ. ನಾಯಿಯ ಜೊಲ್ಲಿನಲ್ಲಿ ವಿಷಾಣುಗಳು ಕಾಣಿಸಿಕೊಳ್ಳುವುದು ರೋಗಲಕ್ಷಣಗಳಿಗಿಂತ ಕೆಲವೇ ದಿನ ಮೊದಲು. ಆದ್ದರಿಂದ ಕಚ್ಚಿದ ನಾಯಿಯು 10 ದಿನ ಆರೋಗ್ಯವಾಗಿ ಉಳಿದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ತಿಳಿಯಬಹುದು. ಸತ್ತ ನಾಯಿಯಿಂದ ಈ ಮಾಹಿತಿ ದೊರಕದು. ಕಟ್ಟಿಹಾಕಿ, ಅನ್ನ ನೀರು ಕೊಟ್ಟು, ಪಶುವೈದ್ಯರಿಗೆ ತಿಳಿಸಿ ಗಮನಿಸುವುದೇ ಜಾಣತನ. ವಿನಾಕಾರಣ ಎರಗುವ, ಸ್ವರ ಕೆಟ್ಟ, ಜೊಲ್ಲು ಸುರಿಸುವ, ನುಂಗಲಾರದ ಅಥವಾ ಕೆಳದವಡೆ ಜೋತುಬಿದ್ದ ನಾಯಿಯನ್ನು ಮಾತ್ರ ಹಿಡಿಯಲು ಹೋಗಬಾರದು. ಕೂಡಲೇ ಪಶು ಆಸ್ಪತ್ರೆ ಮತ್ತು ಪಂಚಾಯತಿಗೆ ಸುದ್ದಿ ಮುಟ್ಟಿಸಬೇಕು.

ಮಕ್ಕಳಿಗೆ ಕಲಿಸಬೇಕಾದುದು

1. ನಾಯಿ ಕಂಡಾಗ ಓಡಬಾರದು, ಕಿರುಚಬಾರದು. ಮರದಂತೆ ಅಲುಗಾಡದೆ ನಿಂತು, ಅದರ ಕಣ್ಣನ್ನೇ ದಿಟ್ಟಿಸದೆ, ಅದು ದೂರ ಸರಿದ ಮೇಲೆ ಮೆಲ್ಲನೆ ಹಿಂದೆ ಹಿಂದೆ ನಡೆಯಬೇಕು.

2. ನಾಯಿ ಮೈಮೇಲೆ ಬಂದರೆ ಶಾಲೆಯ ಚೀಲವನ್ನು ಅಡ್ಡ ಹಿಡಿಯಬೇಕು. ಕೆಳಗೆ ಬಿದ್ದರೆ ಮುದುಡಿಕೊಂಡು, ಕೈಗಳಿಂದ ಕತ್ತು, ಕಿವಿ ಮುಚ್ಚಿಕೊಳ್ಳಬೇಕು.

3. ತಿನ್ನುವ, ಮಲಗಿರುವ, ಮರಿಗಳೊಡನೆ ಇರುವ ಅಥವಾ ಕಟ್ಟಿಹಾಕಿದ ನಾಯಿಯ ಬಳಿ ಹೋಗಬಾರದು. ಕಲ್ಲು ಹೊಡೆಯಬಾರದು.

4. ಕಚ್ಚಲಿ, ಪರಚಲಿ, ಗಾಯವನ್ನು ನೆಕ್ಕಲಿ, ಆಗಿಂದಾಗಲೇ ಮನೆಯಲ್ಲಿ ಹೇಳಬೇಕು. ಹೇಳಿದ ಮಗುವನ್ನು ಹಿರಿಯರು ಗದರಿಸಲೇಬಾರದು. ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ.

ಕಚ್ಚಿದ ಕೂಡಲೇ ಮಾಡಬೇಕಾದ ಚಿಕಿತ್ಸೆ

ಗಾಯವನ್ನು ಧಾರೆಯಾಗಿ ಬೀಳುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಹೊಲದಲ್ಲಿದ್ದರೆ ಪಂಪ್‌ಸೆಟ್ಟಿನ ನೀರಾದರೂ ಸರಿ. ಗಾಯದಲ್ಲಿನ ಜೊಲ್ಲನ್ನು ತೊಳೆದು ತೆಗೆಯುವುದೇ ಮೊದಲ ಔಷಧ. ಬಳಿಕ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಬಹುದು. ಸುಣ್ಣ, ಖಾರದ ಪುಡಿ, ಅರಿಶಿನ, ಸೊಪ್ಪಿನ ರಸ ಮುಂತಾದವುಗಳನ್ನು ಹಾಕಬಾರದು. ಬಿಗಿಯಾಗಿ ಪಟ್ಟಿ ಕಟ್ಟಲೂಬಾರದು. ನಾಟಿ ಔಷಧಿ, ಪಥ್ಯ, ಮಂತ್ರಗಳನ್ನು ನಂಬಿ ಕೂತರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆಯನ್ನು ಉಚಿತವಾಗಿ ಕೊಡಲಾಗುತ್ತದೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಚುಚ್ಚುತ್ತಾರೆಂಬ ಭಯ ಇಂದಿಗೂ ಹಳ್ಳಿಗಳಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರಲ್ಲೇ ನಿಂತಿದೆ. ಈಗ ಪ್ರಾರಂಭದ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7 ಮತ್ತು 28ನೇ ದಿನಗಳಲ್ಲಿ ತೋಳಿನ ಚರ್ಮದೊಳಗೆ ಲಸಿಕೆ ಕೊಡುತ್ತಾರೆ. ಮಾಂಸಖಂಡಕ್ಕೆ ಕೊಡುವ ವಿಧಾನದಲ್ಲಿ 14ನೇ ದಿನವೂ ಸೇರುತ್ತದೆ.

ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯ ಶಕ್ತಿ ದೇಹದಲ್ಲಿ ಮೂಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ರಕ್ಷಣೆಗಾಗಿ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದೊಳಗೆ ಮತ್ತು ಸುತ್ತ ಚುಚ್ಚಬೇಕಾಗುತ್ತದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇದು ಇಲ್ಲದಿದ್ದರೆ ಲಸಿಕೆಯ ಮೊದಲ ಚುಚ್ಚುಮದ್ದನ್ನು ಅಲ್ಲಿಯೇ ಹಾಕಿಸಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ನಾಯಿಗೆ ಲಸಿಕೆ ಆಗಿದೆಯೆಂದಾಗಲಿ, 10 ದಿನ ನೋಡೋಣವೆಂದಾಗಲಿ ಮಗುವಿನ ಚಿಕಿತ್ಸೆಯನ್ನು ಮುಂದೂಡಕೂಡದು. ಚಿಕಿತ್ಸೆ ಮತ್ತು ನಾಯಿಯ ಮೇಲಿನ ನಿಗಾ ಎರಡೂ ಒಟ್ಟಿಗೆ ನಡೆಯಬೇಕು. ನಾಯಿ ಆರೋಗ್ಯವಾಗಿ ಉಳಿದರೆ ಉಳಿದ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರೇ ತೀರ್ಮಾನಿಸುವರು. ಸುಗ್ಗಿ, ಜಾತ್ರೆ, ಮದುವೆಗಳ ನೆಪದಲ್ಲಿ ನಡುವೆ ನಿಲ್ಲಿಸುವುದು ಅಪಾಯಕಾರಿ.

ನಾಯಿ ಕಚ್ಚಿದ ದನಕರುಗಳಿಗೂ ಲಸಿಕೆ ಉಂಟು, ಪಶುವೈದ್ಯರನ್ನು ಕಾಣಬೇಕು. ಜೊಲ್ಲು ಸುರಿಸುತ್ತ, ನುಂಗಲಾರದೆ ಒರಲುವ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕಬಾರದು.

ನೆರೆಯವರೊಡನೆ ಒಂದು ನಿಷ್ಠುರದ ಮಾತು ಆಡಬೇಕಾಗಿ ಬಂದರೆ ನಾಲ್ಕು ದಿನ ಮುಖ ತಿರುಗಿಸಿಯಾರು, ಮತ್ತೆ ಬೆರೆಯುತ್ತಾರೆ. ಮಗುವಿಗೆ ಕುತ್ತು ಬಂದ ಮೇಲೆ ಎರಡು ಮನೆಗಳೂ ಮೊದಲಿನಂತೆ ಆಗುವುದಿಲ್ಲ. ಆದ್ದರಿಂದ ನಾಯಿ ಸಾಕಿದವರು ಕಟ್ಟುವುದನ್ನೂ ಲಸಿಕೆಯನ್ನೂ ಕರ್ತವ್ಯವೆಂದು ತಿಳಿಯಬೇಕು. ಪಕ್ಕದವರು ದಾಕ್ಷಿಣ್ಯ ಬಿಟ್ಟು ಸಕಾಲದಲ್ಲಿ ತಿಳಿಸಬೇಕು. ಹೀಗೆ ಮಾಡಿದಲ್ಲಿ ಊರಿನ ಕಾವಲೂ ಉಳಿಯುತ್ತದೆ, ಊರಿನ ಮಕ್ಕಳೂ ನಿರ್ಭಯವಾಗಿ ಶಾಲೆಗೆ ಹೋಗಿಬರುತ್ತಾರೆ.