ಬೇಸಿಗೆಯ ಬಿಸಿಲೂ ವಿದ್ಯುದ್ವಾಹನವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಬೇಸಿಗೆಯ ತಾಪವು 40 ಡಿಗ್ರಿಯನ್ನು ಮೀರುವದು ನಮ್ಮ ವಾಚಕರಿಗೆ ಹೊಸದಲ್ಲ. ಎತ್ತಿಗೆ ನೆರಳು ಹುಡುಕುವ ನಾವು ವಿದ್ಯುತ್ ಸ್ಕೂಟರನ್ನು ಕಾದ ಕಲ್ಲುಹಾಸಿನ ಮೇಲೆ ನಿಲ್ಲಿಸಿ ನಿಶ್ಚಿಂತರಾಗಿರುವದು ಉಚಿತವೇ?

ಲಿಥಿಯಂ ಬ್ಯಾಟರಿಗೆ ಸುಮಾರು 15ರಿಂದ 35 ಡಿಗ್ರಿಯ ಉಷ್ಣಮಾನವೇ ಹಿತಕರ. ಅದಕ್ಕೆ ಮೀರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳು ತೀವ್ರವಾಗಿ ಆಯುಷ್ಯವು ಕುಂದುವದು. ದೋಷವುಳ್ಳ ಕೋಶವೊಂದು ಅತಿಯಾಗಿ ಕಾದರೆ ನೆರೆಯ ಕೋಶಗಳನ್ನೂ ಹೊತ್ತಿಸಬಹುದು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಉರಿದ ತರುವಾಯ ಕೇಂದ್ರ ಸರಕಾರವು ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಆದರೆ ನಿಯಮವು ನೆರಳು ಕೊಡಲಾರದು.

ದೂರ ಓಡಿಬಂದ ವಾಹನವನ್ನು ಆರಗೊಟ್ಟ ಬಳಿಕವೇ ಚಾರ್ಜಿಗೆ ಹಚ್ಚಬೇಕು. ನಡುಮಧ್ಯಾಹ್ನಕ್ಕಿಂತ ಬೆಳಗಿನ ತಂಪು ಲೇಸು. ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿಸಿಲಿಗೆ ಬಿಡಬಾರದು. ಮಾರುವವರು ಇದನ್ನು ಕೊಳ್ಳುವವರಿಗೆ ಕನ್ನಡದಲ್ಲಿ ತಿಳಿಹೇಳುವದು ಅವರ ಧರ್ಮ.

2017ರಲ್ಲಿ ವಿದ್ಯುದ್ವಾಹನ ನೀತಿಯನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ಸಾರಿದ ನಾಡು ಕರ್ನಾಟಕ. ಅಂಥ ನಾಡಿನಲ್ಲಿ ಕಚೇರಿ, ಪೇಟೆ, ಬಸ್ ನಿಲ್ದಾಣಗಳ ಬಳಿ ವಾಹನಗಳಿಗೊಂದು ಚಪ್ಪರ ಹಾಕಿಸುವದು ಅಶಕ್ಯವೇನಲ್ಲ. ಮುಂದಿನ ಬೇಸಿಗೆ ಬರುವ ಮೊದಲೇ ನಮ್ಮ ಅಧಿಕಾರಿಗಳೂ ಪೌರಸಭೆಗಳೂ ಈ ಅಲ್ಪ ಕಾರ್ಯವನ್ನು ಕೈಗೊಳ್ಳಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವದು ವಿವೇಕವಲ್ಲ.