ಶೋಧಯಂತ್ರದ ಜಾಹೀರಾತೂ ನಮ್ಮ ವರ್ತಕರೂ

ನಮಗೆ ಪರಿಚಿತರಾದ ಜವಳಿ ವರ್ತಕರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ದಯಮಾಡಿಸಿ ಒಂದು ತಿಂಗಳ ಲೆಕ್ಕವನ್ನು ನಮ್ಮ ಮುಂದಿಟ್ಟರು. ಗೂಗಲ್ ಶೋಧಯಂತ್ರದಲ್ಲಿ ಅವರು ತಮ್ಮ ಅಂಗಡಿಯ ಜಾಹೀರಾತನ್ನು ಹಾಕಿಸಿದ್ದರು. ಸಾವಿರಾರು ಜನರು ಅದನ್ನು ಕಂಡರೆಂದೂ ನೂರಾರು ಜನರು ಅದನ್ನು ಒತ್ತಿ ಒಳಹೊಕ್ಕರೆಂದೂ ಲೆಕ್ಕವು ಹೇಳುತ್ತಿದ್ದಿತು. ಮಾರಾಟವಾದ ಸೀರೆಗಳು ಎಷ್ಟೆಂದು ಕೇಳಿದರೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. "ಹಣ ಹೋದುದು ಗೊತ್ತು, ಬಂದುದು ಗೊತ್ತಿಲ್ಲ" ಎಂದರು. ಈ ಅನುಭವವು ಅವರೊಬ್ಬರದೇ ಅಲ್ಲವಾದುದರಿಂದ, ಈ ವ್ಯವಹಾರದ ಮೂಲತತ್ತ್ವಗಳನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿರುವೆವು. ಪತ್ರಿಕೆಯವರಾದ ನಾವೂ ಜಾಹೀರಾತಿನ ಹಣದಿಂದಲೇ ಬದುಕುವವರಷ್ಟೆ. ಆದುದರಿಂದ ಪ್ರತಿಸ್ಪರ್ಧಿಯನ್ನು ಹಳಿಯಲು ಹೊರಟಿರುವೆವೆಂದು ಯಾರೂ ತಿಳಿಯಬಾರದು. ಈ ಸಾಧನವು ಉಪಯುಕ್ತವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಲೆಕ್ಕವನ್ನರಿಯದೆ ಕೈಹಾಕುವವನಿಗೆ ಅದು ತೂತು ಬಿದ್ದ ಕೊಡ.

ಪತ್ರಿಕೆಯಲ್ಲಿ ಜಾಹೀರಾತು ಕೊಡುವವನು ಸ್ಥಳಕ್ಕೆ ಬೆಲೆ ತೆರುತ್ತಾನೆ. ಓದಿದವರು ಎಷ್ಟು ಮಂದಿ, ಅವರಲ್ಲಿ ಸೀರೆ ಬೇಕಾದವರು ಎಷ್ಟು ಮಂದಿ ಎಂಬುದು ಅವನಿಗೆ ತಿಳಿಯದು. ಶೋಧಯಂತ್ರದಲ್ಲಾದರೋ ಗಿರಾಕಿಯು ತನಗೆ ಬೇಕಾದುದನ್ನು ತಾನೇ ಕೇಳುತ್ತಾನೆ. 'ಇಳಕಲ್ ಸೀರೆ' ಎಂದು ಅವನು ಬರೆದು ಕೇಳಿದ ಕ್ಷಣದಲ್ಲಿಯೇ ಉತ್ತರಗಳ ಸಾಲಿನೊಡನೆ ವರ್ತಕನ ಜಾಹೀರಾತೂ ಅವನ ಕಣ್ಣಿಗೆ ಬೀಳಬಲ್ಲದು. ಸಾಮಾನ್ಯವಾಗಿ, ಕಂಡುದಕ್ಕೆ ಬೆಲೆಯಿಲ್ಲ. ಅದನ್ನು ಒತ್ತಿ ವರ್ತಕನ ಪುಟಕ್ಕೆ ಬಂದರೆ, ಅಂದರೆ ಕ್ಲಿಕ್ ಆದರೆ, ಮಾತ್ರ ಹಣ. ಇದು ಯುಕ್ತವಾದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ತಕನು ಇಲ್ಲಿ ಕೊಳ್ಳುತ್ತಿರುವುದು ಬಾಗಿಲಿಗೆ ಬಂದ ಹೆಜ್ಜೆಯನ್ನೇ ಹೊರತು ವ್ಯಾಪಾರವನ್ನಲ್ಲ ಎಂಬುದನ್ನು ಮರೆಯಲಾಗದು.

ಪದಗಳನ್ನು ಹರಾಜಿಗಿಡುವ ಈ ಪದ್ಧತಿಯನ್ನು 1998ರಲ್ಲಿ ಬಳಕೆಗೆ ತಂದುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಲ್ ಗ್ರಾಸ್ ಎಂಬವರು ಸ್ಥಾಪಿಸಿದ ಗೋ-ಟೂ ಎಂಬ ಸಂಸ್ಥೆ. ಅಲ್ಲಿ ಹೆಚ್ಚು ಕೂಗಿದವನಿಗೆ ಮೊದಲ ಸ್ಥಾನ. ಗೂಗಲ್ ಸಂಸ್ಥೆಯು 2000ನೆಯ ಇಸವಿ ಅಕ್ಟೋಬರಿನಲ್ಲಿ 350 ಮಂದಿ ಜಾಹೀರಾತುದಾರರೊಡನೆ ಆಡ್‌ವರ್ಡ್ಸ್ ಎಂಬ ಏರ್ಪಾಡನ್ನು ಆರಂಭಿಸಿ, 2002ರಲ್ಲಿ ಕ್ಲಿಕ್ಕಿನ ಹರಾಜನ್ನು ಕೈಗೊಂಡಿತು. ಇದೇ 2018ರಿಂದ ಗೂಗಲ್ ಆಡ್ಸ್ ಎನಿಸಿಕೊಂಡಿದೆ. ಕೂಗಿದ ಬೆಲೆಯೊಂದನ್ನೇ ನೋಡದೆ, ಜನರು ಆ ಜಾಹೀರಾತನ್ನು ಎಷ್ಟರಮಟ್ಟಿಗೆ ಒತ್ತುತ್ತಾರೆಂಬುದನ್ನೂ ಗೂಗಲ್ಲಿನವರು ಗಣನೆಗೆ ತಂದರು. ಇಂದಿಗೂ ಈ ಹರಾಜಿನ ಜೀವಾಳವು ಇದೇ.

ಸರಳಗೊಳಿಸಿದ ಒಂದು ಲೆಕ್ಕದಿಂದ ಇದು ವಿಶದವಾದೀತು. ಒಬ್ಬ ವರ್ತಕನು ಒಂದು ಕ್ಲಿಕ್ಕಿಗೆ 20 ರೂಪಾಯಿ ಕೂಗಿದನು, ಅವನ ಜಾಹೀರಾತಿನ ಗುಣಕ್ಕೆ ಅಂಕ 4, ಗುಣಿಸಿದರೆ 80. ಇನ್ನೊಬ್ಬನು 12 ರೂಪಾಯಿ ಕೂಗಿದನು, ಅವನ ಗುಣಾಂಕ 8, ಗುಣಿಸಿದರೆ 96. ಕಡಮೆ ಕೂಗಿದ ಎರಡನೆಯವನಿಗೇ ಮೇಲಿನ ಸ್ಥಾನ. ಅವನು ತೆರಬೇಕಾದುದಾದರೂ ತಾನು ಕೂಗಿದ 12 ರೂಪಾಯಿಯಲ್ಲ. ಮೊದಲಿನವನ 80ನ್ನು ಮೀರಲು ಬೇಕಾದಷ್ಟು, ಅಂದರೆ 10 ರೂಪಾಯಿಗಿಂತ ತುಸು ಹೆಚ್ಚು. ವಾಸ್ತವದಲ್ಲಿ ಕೇಳುವವನ ಸ್ಥಳ, ವೇಳೆ ಮೊದಲಾದ ಇತರ ಸಂಗತಿಗಳೂ ಸೇರುತ್ತವೆ. ಗುಣವೆಂದರೆ ಮುಖ್ಯವಾಗಿ ಮೂರು: ಜನರು ಒತ್ತುವ ಸಂಭವ, ಕೇಳಿದ ಮಾತಿಗೂ ಜಾಹೀರಾತಿಗೂ ಇರುವ ಸಂಬಂಧ, ಒತ್ತಿದವನು ತಲಪುವ ಪುಟದ ಯೋಗ್ಯತೆ. ಇಳಕಲ್ ಸೀರೆ ಕೇಳಿ ಬಂದವನನ್ನು ಹತ್ತು ಬಗೆಯ ಬಟ್ಟೆಗಳ ರಾಶಿಯ ಮುಂದೆ ನಿಲ್ಲಿಸಿದರೆ ಅವನು ಹಿಂದಿರುಗುವನು. ಕ್ಲಿಕ್ಕಿನ ಬೆಲೆಯೂ ಏರುವುದು.

ಇನ್ನು ಪದಗಳ ಆಯ್ಕೆ. ಯಾವ ಮಾತನ್ನು ಕೇಳಿದಾಗ ತನ್ನ ಜಾಹೀರಾತು ಬರಬೇಕೆಂದು ವರ್ತಕನು ಗೊತ್ತುಮಾಡುವನೋ ಅದಕ್ಕೆ ಕೀವರ್ಡ್ ಎಂದು ಹೆಸರು. ಇದನ್ನು ವಿಶಾಲವಾಗಿ, ಪದಗುಚ್ಛದ ಅರ್ಥಕ್ಕೆ ಕಟ್ಟುಬೀಳುವಂತೆ, ಅಥವಾ ಬಹುಮಟ್ಟಿಗೆ ಅದೇ ಅರ್ಥದ ಕೇಳಿಕೆಗೆ ಮಾತ್ರ ಹೊಂದುವಂತೆ, ಹೀಗೆ ಮೂರು ಬಗೆಯಲ್ಲಿ ಇಡಬಹುದು. ವಿಶಾಲವಾಗಿ ಬಿಟ್ಟರೆ ಸೀರೆ ಉಡುವ ಕ್ರಮವನ್ನು ಕಲಿಯಬೇಕಾದವಳೂ, ಸೀರೆಯ ಚಿತ್ರ ಬೇಕಾದ ವಿದ್ಯಾರ್ಥಿಯೂ ವರ್ತಕನ ಖರ್ಚಿನಲ್ಲಿ ಬಾಗಿಲಿಗೆ ಬಂದಾರು. ಇದನ್ನು ತಡೆಯಲು 'ಉಡುವ ಕ್ರಮ', 'ಚಿತ್ರ', 'ಬಾಡಿಗೆ' ಮೊದಲಾದ ನಿಷೇಧ ಪದಗಳ ಪಟ್ಟಿಯನ್ನೂ ಕೊಡಬಹುದು. ಜನರು ನಿಜವಾಗಿ ಏನೆಂದು ಕೇಳಿದರೆಂಬುದರ ವರದಿಯೂ ದೊರೆಯುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ಓದಿ ಪಟ್ಟಿಯನ್ನು ತಿದ್ದತಕ್ಕದ್ದು. ನಮ್ಮ ಮಿತ್ರರು ಒಂದು ದಿನವೂ ಅದನ್ನು ತೆರೆದು ನೋಡಿರಲಿಲ್ಲ.

ಸ್ಥಳ ಮತ್ತು ಮಿತಿಗಳ ವಿಷಯದಲ್ಲಿಯೂ ಎಚ್ಚರವು ಅವಶ್ಯ. ಒಂದು ಊರನ್ನು ಗೊತ್ತುಮಾಡಿದರೆ, ಬೇರೆ ಸೂಚನೆಯಿಲ್ಲದಿದ್ದಲ್ಲಿ, ಆ ಊರಿನಲ್ಲಿರುವವರಿಗಲ್ಲದೆ ದೂರದಲ್ಲಿದ್ದು ಆ ಊರಿನಲ್ಲಿ ಆಸಕ್ತಿ ತೋರಿದವರಿಗೂ ಜಾಹೀರಾತು ಕಾಣುತ್ತದೆ. ಊರಿನವರಿಗೆ ಮಾತ್ರ ಎಂದು ಬದಲಿಸಿಕೊಳ್ಳಬಹುದು. ದಿನಕ್ಕೆ 200 ರೂಪಾಯಿ ಎಂದು ಮಿತಿ ಹಾಕಿದರೂ ಯಾವುದೋ ಒಂದು ದಿನ 400ರವರೆಗೆ ವೆಚ್ಚವಾದೀತು; ತಿಂಗಳ ಮೊತ್ತವು ಮಾತ್ರ ದಿನದ ಮಿತಿಯ 30.4 ಪಟ್ಟನ್ನು, ಅಂದರೆ 6,080 ರೂಪಾಯಿಗಳನ್ನು, ಮೀರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಲೆಕ್ಕ. ಕ್ಲಿಕ್ಕೊಂದಕ್ಕೆ 8 ರೂಪಾಯಿಯಂತೆ ನೂರು ಕ್ಲಿಕ್ಕಿಗೆ 800 ರೂಪಾಯಿ ಹೋಯಿತೆನ್ನೋಣ. ನೂರರಲ್ಲಿ ಇಬ್ಬರು ಕೊಂಡರೆ ಒಂದು ಸೀರೆಯ ಮಾರಾಟಕ್ಕೆ ಬಿದ್ದ ವೆಚ್ಚ 400 ರೂಪಾಯಿ. ಸೀರೆಯೊಂದರಲ್ಲಿ ಉಳಿಯುವ ಲಾಭ 600 ಆಗಿದ್ದರೆ 200 ರೂಪಾಯಿ ಮಿಗುವುದು; ಲಾಭವು 300 ಮಾತ್ರವಾಗಿದ್ದರೆ ಪ್ರತಿಯೊಂದು ಮಾರಾಟದಲ್ಲಿಯೂ 100 ರೂಪಾಯಿ ನಷ್ಟ, ವ್ಯಾಪಾರ ಹೆಚ್ಚಿದಷ್ಟೂ ನಷ್ಟವೂ ಹೆಚ್ಚು. ಒತ್ತಿದವನು ಕೊಂಡನೇ, ದೂರವಾಣಿಯಲ್ಲಿ ವಿಚಾರಿಸಿದನೇ ಎಂಬುದನ್ನು ಗುರುತುಹಾಕುವ ಸಾಧನವು ಈ ಏರ್ಪಾಡಿನಲ್ಲಿಯೇ ಉಂಟು. ಅದನ್ನು ಅಳವಡಿಸದೆ ಒಂದು ರೂಪಾಯಿಯನ್ನೂ ವ್ಯಯಿಸಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಈ ಲೆಕ್ಕವೂ ಒಮ್ಮೊಮ್ಮೆ ಮೋಸಗೊಳಿಸುವುದುಂಟು. ಅಮೆರಿಕದ ಈಬೇ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯು ತನ್ನ ಹೆಸರನ್ನೇ ಕೇಳುವವರಿಗೂ ಜಾಹೀರಾತು ತೋರಿಸಿ ಹಣ ತೆರುತ್ತಿದ್ದಿತು. 2012ರಲ್ಲಿ ಕೆಲವು ಶೋಧಯಂತ್ರಗಳಲ್ಲಿ ಅದನ್ನು ನಿಲ್ಲಿಸಿ ಪರೀಕ್ಷಿಸಿದಾಗ, ತಪ್ಪಿಹೋಗಬೇಕಾಗಿದ್ದ ಕ್ಲಿಕ್ಕುಗಳಲ್ಲಿ ಶೇಕಡ 99.5ರಷ್ಟು ಬೆಲೆಯಿಲ್ಲದ ಸಹಜ ಉತ್ತರಗಳ ಮೂಲಕವೇ ಬಂದು ಸೇರಿದುವು. ಉಳಿದ ಪದಗಳ ಪರೀಕ್ಷೆಯಲ್ಲಿಯೂ, ಹಳೆಯ ಗಿರಾಕಿಗಳು ಜಾಹೀರಾತು ಇಲ್ಲದೆಯೇ ಬರುತ್ತಿದ್ದರೆಂದೂ, ಹೊಸಬರೂ ಅಪರೂಪಕ್ಕೆ ಬರುವವರೂ ಮಾತ್ರ ಅದರಿಂದ ಪ್ರೇರಿತರಾದರೆಂದೂ ಕಂಡುಬಂದಿತು. ಬ್ಲೇಕ್, ನಾಸ್ಕೋ, ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ಪ್ರಕಟಿಸಿದರು. ಮನೆಮಾತಾದ ಸಂಸ್ಥೆಯ ಈ ಅನುಭವವು ಹೊಸ ಅಂಗಡಿಗೆ ಹಾಗೆಯೇ ಅನ್ವಯಿಸಲಾರದು. ಆದರೂ ಹೇಗಿದ್ದರೂ ಬರುತ್ತಿದ್ದವನಿಗಾಗಿ ಸುಂಕ ತೆರಬಾರದೆಂಬ ನೀತಿಯು ಎಲ್ಲರಿಗೂ ಸಲ್ಲುತ್ತದೆ. ಕೆಲವು ದಿನ ಜಾಹೀರಾತನ್ನು ನಿಲ್ಲಿಸಿ ವ್ಯಾಪಾರವು ತಗ್ಗುವುದೋ ಇಲ್ಲವೋ ಎಂದು ನೋಡುವುದು ಚಿಕ್ಕ ವರ್ತಕನಿಗೂ ಸಾಧ್ಯವಾದ ಪರೀಕ್ಷೆ.

ಹರಾಜು ಕೂಗಿಸುವವರು ಯಾರು ಎಂಬುದೂ ನೆನಪಿನಲ್ಲಿರಬೇಕು. ಶೋಧದಲ್ಲಿಯೂ ಶೋಧದ ಪಠ್ಯ ಜಾಹೀರಾತಿನಲ್ಲಿಯೂ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿತೆಂದು ಅಮೆರಿಕದ ಫೆಡರಲ್ ನ್ಯಾಯಾಲಯವೊಂದು 2024ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಖರ್ಚನ್ನು ಹೆಚ್ಚಿಸಿ, ಪದಗಳನ್ನು ವಿಶಾಲಗೊಳಿಸಿ ಎಂದು ಯಂತ್ರವು ಸಲಹೆ ಕೊಟ್ಟಾಗ, ಸಲಹೆಗಾರನ ಲಾಭವೂ ತನ್ನ ಲಾಭವೂ ಒಂದೇ ಎಂದು ವರ್ತಕನು ಭಾವಿಸಲಾಗದು.

ನಮ್ಮ ಮಿತ್ರರು ಜಾಹೀರಾತನ್ನು ಬಿಟ್ಟಿಲ್ಲ. ಪದಗಳನ್ನು ಹತ್ತಕ್ಕಿಳಿಸಿ, ಸ್ಥಳವನ್ನು ತಮ್ಮ ಜಿಲ್ಲೆಗೆ ಮಿತಗೊಳಿಸಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು, ಬಂದವರನ್ನೆಲ್ಲ "ನಮ್ಮ ಅಂಗಡಿಯ ವಿಷಯ ಹೇಗೆ ತಿಳಿಯಿತು?" ಎಂದು ಕೇಳಿ ಬರೆದುಕೊಳ್ಳುತ್ತಿದ್ದಾರೆ. ನಮ್ಮ ಹಿರಿಯ ವರ್ತಕರು ರೋಖಡಿ ಪುಸ್ತಕವನ್ನು ತಾಳೆನೋಡದೆ ದೀಪ ಆರಿಸುತ್ತಿರಲಿಲ್ಲ. ಯಂತ್ರವು ಹೊಸದಾದರೂ ಆ ಹಳೆಯ ಶಿಸ್ತಿಗಿಂತ ಉತ್ತಮವಾದ ಉಪಾಯವು ನಮಗೆ ಕಾಣದು.