ಬಾಗಿಲಿಲ್ಲದ ಬೋನು

ಇಲಿಬೋನಿಗೆ ಬಾಗಿಲುಂಟು. ಚಿರತೆಗೆ ಇಡುವ ಬೋನಿಗೂ ಉಂಟು. ಒಳಗೆ ಕಾಲಿಟ್ಟರೆ ಹಿಂದೆ ಧಡ್ ಎಂದು ಬೀಳುತ್ತದೆ. ಆದರೆ ಕ್ಯಾಲಿಫೋರ್ನಿಯಾದ ದಕ್ಷಿಣ ತೀರದ ಹವ್ಯಾಸಿಗಳು ಲಾಬ್‌ಸ್ಟರ್ ಹಿಡಿಯಲು ಬಳಸುವ ಸಾಧನಕ್ಕೆ ಬಾಗಿಲೇ ಇಲ್ಲ. ಲೋಹದ ಬಳೆಗೆ ಬಲೆ ಕಟ್ಟಿ, ನಡುವೆ ಮೀನಿನ ತುಂಡು ಇಟ್ಟು, ಹಗ್ಗದಲ್ಲಿ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಅಲ್ಲಿ ಅದು ಊಟದ ತಟ್ಟೆಯಂತೆ ಬಿದ್ದಿರುತ್ತದೆ. ಲಾಬ್‌ಸ್ಟರ್ ಬರಬಹುದು, ತಿನ್ನಬಹುದು, ಎದ್ದು ಹೋಗಲೂಬಹುದು. ಅದು ಸಿಕ್ಕಿತೋ ತಪ್ಪಿಸಿಕೊಂಡಿತೋ ಎಂಬುದು ತೀರ್ಮಾನವಾಗುವುದು ಮೇಲೆ ಕೂತವರು ಹಗ್ಗ ಎಳೆಯುವ ಹತ್ತು ಹದಿನೈದು ಸೆಕೆಂಡುಗಳಲ್ಲಿ. ಆ ಎಳೆತವೇ ಇದರ ಬಾಗಿಲು.

ಹೂಪ್ ನೆಟ್ ಎಂದು ಇದರ ಹೆಸರು. ಬಳೆಬಲೆ ಎನ್ನೋಣ. ಅಳಿವೆಯಲ್ಲಿ ಬಳೆಗೆ ಬಲೆ ಬಿಗಿದು, ಮೀನಿನ ತಲೆ ಕಟ್ಟಿ ಏಡಿಗೆ ಕಾಯುವವರನ್ನು ಕಂಡವರಿಗೆ ಇದರ ಉಪಾಯ ಹೊಸದೆನಿಸುವುದಿಲ್ಲ. ದೊಡ್ಡ ದೋಣಿಯಲ್ಲಿ ನಿಂತು ಎಳೆಯುವುದು ತೋಳಿನ ಕೆಲಸ, ಅಷ್ಟೆ. ಮುಕ್ಕಾಲು ಮೀಟರ್ ಅಗಲದ ಪ್ಲಾಸ್ಟಿಕ್ ಕಿರುದೋಣಿ ಕಯಾಕಿನಲ್ಲಿ, ಕತ್ತಲೆಯಲ್ಲಿ, ಕಾಲು ಚಾಚಿ ಕೂತು ಇಂಥ ಐದು ಬಲೆಗಳನ್ನು ಸಂಭಾಳಿಸುವುದು ಬೇರೆಯೇ ವಿದ್ಯೆ. ಅದರಲ್ಲಿ ಅರ್ಧ ಭೌತಶಾಸ್ತ್ರ, ಇನ್ನರ್ಧ ಸಾಮಾನು ಜೋಡಿಸುವ ಶಿಸ್ತು.

ಮೊದಲು ಪ್ರಾಣಿಯ ವಿಷಯ. ಹೋಟೆಲಿನ ಚಿತ್ರಗಳಲ್ಲಿ ಕಾಣುವ, ಇಕ್ಕಳದಂಥ ದಪ್ಪ ಕೈಗಳ ಅಟ್ಲಾಂಟಿಕ್ ಲಾಬ್‌ಸ್ಟರ್ ಇದಲ್ಲ. ಇದು ಕ್ಯಾಲಿಫೋರ್ನಿಯಾದ ಮುಳ್ಳು ಲಾಬ್‌ಸ್ಟರ್, ಪ್ಯಾನುಲಿರಸ್ ಇಂಟರಪ್ಟಸ್. ಅರಬ್ಬೀ ಸಮುದ್ರದಲ್ಲಿ ಸಿಗುವ ನಮ್ಮ ಲಾಬ್‌ಸ್ಟರ್‌ಗಳೂ ಹೆಚ್ಚಾಗಿ ಇದೇ ಪ್ಯಾನುಲಿರಸ್ ಕುಲದವು. ಇವುಗಳಿಗೆ ಇಕ್ಕಳವಿಲ್ಲ. ಇರುವುದು ಮೈತುಂಬ ಮುಂದಕ್ಕೆ ಬಾಗಿದ ಮುಳ್ಳು, ಮೈಗಿಂತ ಉದ್ದದ ಒಂದು ಜೊತೆ ಗಡಸು ಮೀಸೆ, ಮತ್ತು ಬಲವಾದ ಬಾಲ. ಹಗಲು ಬಂಡೆಯ ಸಂದಿಯಲ್ಲಿ ಮೀಸೆ ಮಾತ್ರ ಹೊರಗಿಟ್ಟು ಕೂರುತ್ತದೆ; ಕತ್ತಲಾದ ಮೇಲೆ ಮರಳಿಗಿಳಿದು ಕಡಲಮುಳ್ಳಿ, ಪಚ್ಚಿಲೆ, ಶಂಖದ ಹುಳು ಹುಡುಕಿ ತಿನ್ನುತ್ತದೆ. ಬೆಚ್ಚಿದರೆ ಬಾಲವನ್ನು ಹೊಟ್ಟೆಯಡಿಗೆ ಚಟ್ಟನೆ ಮಡಚಿ ಹಿಮ್ಮುಖವಾಗಿ ಚಿಮ್ಮುತ್ತದೆ. ಕಯಾಕಿನವರ ಎಲ್ಲ ಲೆಕ್ಕಾಚಾರವೂ ಈ ಒಂದು ಚಿಮ್ಮಿಗೆ ಉತ್ತರ.

ಅದನ್ನು ಬಲೆಯ ತನಕ ಕರೆತರುವುದು ವಾಸನೆ. ಉದ್ದ ಮೀಸೆಗಳ ನಡುವೆ ಇನ್ನೊಂದು ಜೊತೆ ಕಿರುಮೀಸೆಗಳಿವೆ. ಅವುಗಳ ತುದಿಯ ಸಣ್ಣ ರೋಮಗಳೇ ಅದರ ಮೂಗು. ಲಾಬ್‌ಸ್ಟರ್ ಕಿರುಮೀಸೆಯನ್ನು ಆಗಾಗ ಟಪ್ ಎಂದು ಕೊಡವುತ್ತಿರುತ್ತದೆ. ಬರ್ಕ್ಲಿಯ ವಿಜ್ಞಾನಿ ಮಿಮಿ ಕೋಲ್ ಮತ್ತು ಸಂಗಡಿಗರು 2001ರಲ್ಲಿ ಕೆರಿಬಿಯನ್ ಕಡಲಿನ ಸೋದರ ಜಾತಿಯಲ್ಲಿ ಈ ಕೊಡವಾಟದ ಗುಟ್ಟು ತೋರಿಸಿದರು. ಕೆಳಕ್ಕೆ ಬೀಸುವಾಗ ವೇಗ ಹೆಚ್ಚು; ಹೊಸ ನೀರು ರೋಮಗಳ ನಡುವೆ ನುಗ್ಗುತ್ತದೆ. ಮರಳುವಾಗ ನಿಧಾನ, ನುಗ್ಗಿದ ನೀರು ಅಲ್ಲೇ ಅಂಟಿ ನಿಲ್ಲುತ್ತದೆ. ಒಂದೊಂದು ಕೊಡವಿಕೆಯೂ ಒಂದೊಂದು ಮೂಸು. ಹೀಗೆ ಮೂಸುತ್ತ ಅದು ಸೆಳೆತಕ್ಕೆ ಎದುರಾಗಿ ವಾಸನೆಯ ಮೂಲಕ್ಕೆ ನಡೆದು ಬರುತ್ತದೆ. ಆದ್ದರಿಂದಲೇ ಎರೆ ಹಾಕುವವರು ಎಣ್ಣೆಯಂಶ ಹೆಚ್ಚಿರುವ ಮೀನು ಹುಡುಕುತ್ತಾರೆ. ಪೆಸಿಫಿಕ್ ಮ್ಯಾಕರೆಲ್, ಅಂದರೆ ನಮ್ಮ ಬಂಗುಡೆಯ ನೆಂಟ, ಅಲ್ಲಿ ಎಲ್ಲರ ಆಯ್ಕೆ. ತುಂಡು ಮಾಡಿ ತೂತಿನ ಡಬ್ಬಿಯಲ್ಲೋ ತಂತಿಯ ಗೂಡಿನಲ್ಲೋ ತುಂಬಿ ಬಲೆಯ ನಡುವೆ ಬಿಗಿಯುತ್ತಾರೆ. ಬಿಚ್ಚಿಟ್ಟರೆ ಕಡಲಸಿಂಹ ಒಂದೇ ಬಾಯಿಗೆ ಎತ್ತಿಕೊಂಡು ಹೋಗುತ್ತದೆ.

ಈಗ ಬಲೆ. ಹಳೆಯ ಮಾದರಿಯಲ್ಲಿ ಎರಡು ಬಳೆ, ಮೇಲೆ ದೊಡ್ಡದು, ಕೆಳಗೆ ಚಿಕ್ಕದು, ನಡುವೆ ಮೆತ್ತನೆಯ ಜಾಲ. ತಳ ಮುಟ್ಟಿದಾಗ ಎರಡೂ ಒಂದರ ಮೇಲೊಂದು ಚಪ್ಪಟೆಯಾಗಿ ಬೀಳುತ್ತವೆ. ಎಳೆದಾಗ ಮೊದಲು ಮೇಲಿನ ಬಳೆ ಏಳುತ್ತದೆ. ಜಾಲ ಬೋಗುಣಿಯ ಗೋಡೆಯಂತೆ ಎದ್ದು ನಿಲ್ಲುತ್ತದೆ. ಹೊಸ ಮಾದರಿ ತಲೆ ಕತ್ತರಿಸಿದ ಶಂಕುವಿನಂತಿದೆ: ಅಗಲ ಕೆಳಗೆ, ಕಿರಿದು ಮೇಲೆ, ನಡುವೆ ಗಟ್ಟಿ ಕಡ್ಡಿಗಳು. ಇದು ಮಡಚುವುದಿಲ್ಲ. ಲಾಬ್‌ಸ್ಟರ್ ಇಳಿಜಾರು ಹತ್ತಿ ಒಳಗಿಳಿಯಬೇಕು. ಹಿಮ್ಮುಖವಾಗಿ ಚಿಮ್ಮಿದರೆ ಒಳಗೋಡೆಗೇ ಬಡಿಯುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಎರಡನ್ನೂ ಒಪ್ಪುತ್ತದೆ, ಆದರೆ ಅಳತೆ ಕಟ್ಟಿಹಾಕಿದೆ. ಯಾವ ಬಳೆಯ ಒಳವ್ಯಾಸವೂ 36 ಇಂಚು ಮೀರುವಂತಿಲ್ಲ. ಗಟ್ಟಿ ಮಾದರಿಯ ಎತ್ತರ 10 ಇಂಚು ದಾಟುವಂತಿಲ್ಲ. ಮಡಚುವ ಮಾದರಿಯಂತೂ ಎತ್ತುವ ತನಕ ಪ್ರಾಣಿಯ ಓಡಾಟಕ್ಕೆ ಅಡ್ಡಿಯಾಗಲೇಬಾರದು. ಹವ್ಯಾಸಿಗೆ ಬಾಗಿಲಿರುವ ಬೋನು ನಿಷಿದ್ಧ, ಅದು ವೃತ್ತಿಪರರಿಗೆ ಮಾತ್ರ. ನನಗೆ ಈ ಕಾನೂನು ಇಷ್ಟ. ತಪ್ಪಿಸಿಕೊಳ್ಳುವ ಹಕ್ಕನ್ನು ಇಂಚಿನ ಲೆಕ್ಕದಲ್ಲಿ ಬರೆದಿಟ್ಟ ನಿಯಮಗಳು ಹೆಚ್ಚಿಲ್ಲ.

ಹಗ್ಗ ಎಳೆಯುವುದು ಎಂದಾಗ ನಮಗೆ ನೆನಪಾಗುವುದು ಬಾವಿ. ಬಾವಿಯಲ್ಲಿ ಸೇದುವವರಿಗೆ ಎರಡು ಅನುಕೂಲ: ಮೇಲೆ ರಾಟೆ, ಕಾಲಡಿ ಗಟ್ಟಿ ನೆಲ. ಕಯಾಕಿನವರಿಗೆ ಎರಡೂ ಇಲ್ಲ. ಹಗ್ಗ ಓರೆಯಾಗಿದ್ದಾಗ ಎಳೆದರೆ ಬಲೆ ಮೇಲೆ ಬರುವ ಬದಲು ಕಯಾಕೇ ಬಲೆಯತ್ತ ಜಾರುತ್ತದೆ. ಆ ಜಾರುವಿಕೆಯಲ್ಲಿ ಬಲೆ ಒಂದಿಷ್ಟು ಅಲುಗುತ್ತದೆ, ಊಟಕ್ಕೆ ಕೂತ ಅತಿಥಿ ಎದ್ದು ಹೋಗುತ್ತದೆ. ಆದ್ದರಿಂದ ಪಳಗಿದವರು ಗಾಳಿಗೋ ಸೆಳೆತಕ್ಕೋ ಎದುರಾಗಿ ಹುಟ್ಟುಹಾಕುತ್ತ, ಹಗ್ಗದ ಮೇಲ್ತುದಿಗೆ ಕಟ್ಟಿದ ತೇಲುಬುರುಡೆಯನ್ನು ಸಮೀಪಿಸುತ್ತಾರೆ. ಬುರುಡೆ ಎತ್ತಿ, ಸಡಿಲ ಹಗ್ಗವನ್ನು ಮೆಲ್ಲಗೆ ಒಳಗೆಳೆದುಕೊಂಡು, ನೆಟ್ಟಗೆ ಬಲೆಯ ನೆತ್ತಿಯ ಮೇಲೆ ಬರುತ್ತಾರೆ. ಆಮೇಲೆ ಒಂದು ಜಗ್ಗು.

ಮೊದಲ ಮೊಳ ಜೋರಾಗಿ ಬರಬೇಕು. ಬೋಗುಣಿಯ ಗೋಡೆ ಏಳಬೇಕಲ್ಲ. ಬಳಿಕ ವೇಗಕ್ಕಿಂತ ಮುಖ್ಯ ತಡೆಯಿಲ್ಲದ ಲಯ. ಮೇಲೇರುವ ಬಲೆಯೊಳಗೆ ನೀರು ಮೇಲಿನಿಂದ ಕೆಳಕ್ಕೆ ಹಾಯುತ್ತದೆ; ಆ ಹರಿವೇ ಲಾಬ್‌ಸ್ಟರನ್ನು ಜಾಲದ ತಳಕ್ಕೆ ಒತ್ತಿ ಹಿಡಿಯುತ್ತದೆ. ಕೈ ಬದಲಿಸಲು ಒಂದು ಕ್ಷಣ ನಿಂತರೆ ಹರಿವು ನಿಂತಿತು, ಬಾಗಿಲು ತೆರೆಯಿತು. ಹಾಗೆಂದು ಸಿಕ್ಕಾಪಟ್ಟೆ ವೇಗವೂ ದಂಡ. ನೀರಿನ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟು. ಸೆಕೆಂಡಿಗೆ ಒಂದು ಮೀಟರಿನಂತೆ ಎಳೆದರೂ 40 ಅಡಿ ಆಳಕ್ಕೆ 12 ಸೆಕೆಂಡು ಸಾಕು. ಎಳೆಯುವಾಗ ತಲೆ ಕಯಾಕಿನ ಅಂಚು ದಾಟಬಾರದು. ಹಗ್ಗದ ಭಾರ ಒಂದು ಪಕ್ಕಕ್ಕೆ ಬಿದ್ದಿರುವಾಗ ಮೈಭಾರವನ್ನೂ ಅದೇ ಪಕ್ಕಕ್ಕೆ ಬಗ್ಗಿಸಿದರೆ ಸಮುದ್ರಕ್ಕೆ ಒಟ್ಟಿಗೆ ಇಳಿಯಬೇಕಾಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ನೀರು ಸುಮಾರು 15 ಡಿಗ್ರಿ.

ಇಷ್ಟೆಲ್ಲ ಸಾಧ್ಯವಾಗುವುದು ಹಗ್ಗ ಸಿಕ್ಕಾಗದಿದ್ದರೆ ಮಾತ್ರ. ಈ ಕಸುಬಿನಲ್ಲಿ ಜನ ಸೋಲುವುದು ಲಾಬ್‌ಸ್ಟರಿಗಲ್ಲ, ಹಗ್ಗಕ್ಕೆ.

ಹಗ್ಗ ತನಗೆ ತಾನೇ ಗಂಟು ಬೀಳುತ್ತದೆ ಎಂಬ ನಮ್ಮೆಲ್ಲರ ಗುಮಾನಿಗೆ ಪ್ರಯೋಗದ ಆಧಾರವಿದೆ. ತಮಾಷೆಯೆಂದರೆ ಆ ಪ್ರಯೋಗ ನಡೆದದ್ದೂ ಇದೇ ತೀರದ ಸ್ಯಾನ್ ಡಿಯೇಗೊದಲ್ಲಿ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಒಂದು ಪೆಟ್ಟಿಗೆಯಲ್ಲಿ ದಾರ ಹಾಕಿ, ಪೆಟ್ಟಿಗೆಯನ್ನು ಉರುಳಿಸಿ, ತೆರೆದು ನೋಡಿದರು. ಒಮ್ಮೆಯಲ್ಲ, 3,415 ಬಾರಿ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗಂಟು ಬೀಳಲು ಕೆಲವೇ ಸೆಕೆಂಡು ಸಾಕು. 46 ಸೆಂಟಿಮೀಟರಿಗಿಂತ ಗಿಡ್ಡ ದಾರ ಗಂಟಾಗಲಿಲ್ಲ. ಉದ್ದ ಹೆಚ್ಚಿದಂತೆ ಸಾಧ್ಯತೆ ಏರಿ, ಕೊನೆಗೆ ಹೆಚ್ಚುಕಡಿಮೆ ಎರಡರಲ್ಲೊಂದು ಬಾರಿ ಗಂಟು. ಮುಂದಿನ ವರ್ಷ ಅವರಿಗೆ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಬಂತು. ಕಯಾಕಿನವರಿಗೆ ಇದರಲ್ಲಿ ಎರಡು ಪಾಠ ಸಿಗುತ್ತವೆ. ಗಂಟು ಹೆಣೆಯುವುದು ಹಗ್ಗದ ಬಿಡಿ ತುದಿ, ಅದು ಪಕ್ಕದ ಎಳೆಗಳ ಮೇಲೆ ಕೆಳಗೆ ನುಸುಳುತ್ತದೆ. ಆದ್ದರಿಂದ ತುದಿ ಎಂದೂ ಬಿಡಿಯಾಗಿರಬಾರದು. ಎರಡನೆಯದು, ಇಕ್ಕಟ್ಟಿನಲ್ಲಿ ಗಂಟು ಕಡಿಮೆ. ಸಣ್ಣ ಪೆಟ್ಟಿಗೆಯಲ್ಲಿ ದಾರ ಗೋಡೆಗೆ ಒತ್ತಿಕೊಂಡು ಉರುಳಲಾರದೆ ಕೂತಿತ್ತು. ಸಡಿಲವಾಗಿ ಹರಡಿದ ಹಗ್ಗ ಸಿಕ್ಕಾಗುತ್ತದೆ, ತುರುಕಿಟ್ಟದ್ದು ತೆಪ್ಪಗಿರುತ್ತದೆ.

ಹಾಗಾಗಿ ಅಂದವಾಗಿ ದುಂಡಗೆ ಸುರುಳಿ ಸುತ್ತುವುದು ಇಲ್ಲಿ ಒಳ್ಳೆಯ ಬುದ್ಧಿಯಲ್ಲ. ಒಂದೇ ದಿಕ್ಕಿಗೆ ಸುತ್ತಿದಾಗ ಸುತ್ತಿಗೊಂದರಂತೆ ಹಗ್ಗಕ್ಕೆ ತಿರುಚು ಸೇರುತ್ತದೆ. ನೇರ ಎಳೆದಾಗ ಆ ತಿರುಚೆಲ್ಲ ಕುಣಿಕೆಯಾಗಿ ಎದ್ದು ನಿಲ್ಲುತ್ತದೆ. ತೋಟದ ಪೈಪು ಎಳೆದವರಿಗೆ ಗೊತ್ತು. ಸುತ್ತಲೇಬೇಕಾದರೆ ಎಂಟರ ಆಕಾರದಲ್ಲಿ ಸುತ್ತಬೇಕು, ಒಂದು ಕಿವಿಯ ತಿರುಚನ್ನು ಇನ್ನೊಂದು ಕಿವಿ ಬಿಚ್ಚುತ್ತದೆ. (ಕನ್ನಡದ ೮ ಅಲ್ಲ, ಇಂಗ್ಲಿಷಿನ 8. ನಮ್ಮದಕ್ಕೆ ಎರಡು ಕಿವಿ ಇಲ್ಲ.) ಇನ್ನೂ ಸುಲಭದ ದಾರಿ, ಕಾಲುಗಳ ನಡುವೆ ಒಂದು ಬಕೆಟ್. ಎಳೆದ ಹಗ್ಗ ಬಿದ್ದಹಾಗೆ ಅದರೊಳಗೆ ಬೀಳಲಿ. ಬುರುಡೆಯ ಕಡೆಯದು ಅಡಿಗೆ, ಬಲೆಯ ಕಡೆಯದು ಮೇಲಕ್ಕೆ ಬರುತ್ತದೆ. ಮತ್ತೆ ಬಿಡುವಾಗ ಬಲೆ ಮೊದಲು ಹೋಗುವುದರಿಂದ ಹಗ್ಗ ಮೇಲಿನಿಂದಲೇ ಬಿಚ್ಚುತ್ತ ಹೋಗುತ್ತದೆ. ಜೋಡಿಸುವ ಕೆಲಸವನ್ನು ಎಳೆಯುವ ಕೆಲಸವೇ ಮುಗಿಸಿಕೊಡುತ್ತದೆ.

ಐದು ಬಲೆಗಳ ಜೋಡಣೆಯೂ ಇದೇ ನ್ಯಾಯಕ್ಕೆ ಒಳಪಟ್ಟದ್ದು. ಒಬ್ಬರಿಗೆ ಐದೇ ಬಲೆ, ಒಂದು ದೋಣಿಗೆ ಹೆಚ್ಚೆಂದರೆ ಹತ್ತು ಎಂಬುದು ನಿಯಮ. ಕಯಾಕಿನಲ್ಲಿ ಆಸನದ ಹಿಂದಿನ ತಗ್ಗಿನಲ್ಲಿ ಅವನ್ನು ಲೋಟದೊಳಗೆ ಲೋಟದಂತೆ ಪೇರಿಸುತ್ತಾರೆ. ಪ್ರತಿ ಬಲೆಯ ಹಗ್ಗವೂ ಬುರುಡೆಯೂ ಅದೇ ಬಲೆಯ ಹೊಟ್ಟೆಯಲ್ಲಿ. ಎರಡು ಬಲೆಗಳ ಹಗ್ಗ ಒಂದೇ ಗುಡ್ಡೆಗೆ ಬಿದ್ದವೋ, ಆ ರಾತ್ರಿ ಮುಗಿದಂತೆ. ಎರೆಯನ್ನು ದಡದಲ್ಲೇ ಕಟ್ಟಿರಬೇಕು. ಮೇಲಿನದು ಮೊದಲು ನೀರಿಗೆ. ಎಲ್ಲಕ್ಕೂ ಮೇಲೆ ಎಲಾಸ್ಟಿಕ್ ಪಟ್ಟಿ. ಕೈಗೆಟುಕುವಲ್ಲಿ ಒಂದು ಚಾಕು, ಸುತ್ತಿಕೊಂಡ ಹಗ್ಗ ಕತ್ತರಿಸಲು.

ಹಗ್ಗದ ಜಾತಿಯನ್ನೂ ನೋಡಬೇಕು. ಅಗ್ಗದ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಹೆಚ್ಚಾದ ಹಗ್ಗ ಮೇಲೆ ಹಾವಿನಂತೆ ತೇಲಿ, ಹಾದುಹೋಗುವ ದೋಣಿಯ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ನೈಲಾನ್ ಮುಳುಗುತ್ತದೆ. ತೇಲುವ ಹಗ್ಗವೇ ಇದ್ದರೆ ಬುರುಡೆಯ ಕೆಳಗೆ ಸ್ವಲ್ಪ ದೂರದಲ್ಲಿ ಒಂದು ಸೀಸದ ಗುಂಡು ಕಟ್ಟುತ್ತಾರೆ. ಉದ್ದ ಆಳದಷ್ಟೇ ಇದ್ದರೆ ಸಾಲದು. ಅಲ್ಲಿ ದೊಡ್ಡ ಭರತದ ದಿನ ನೀರಿನ ಏರಿಳಿತ 2 ಮೀಟರ್ ಮೀರುತ್ತದೆ, ಸೆಳೆತಕ್ಕೆ ಹಗ್ಗ ಓರೆಯಾಗುತ್ತದೆ. ಗಿಡ್ಡ ಹಗ್ಗದ ಬುರುಡೆ ಮುಳುಗಿಹೋದರೆ ಹುಡುಕಿ ತೆಗೆಯಲು ಅಲ್ಲಿ ಪಾತಾಳಗರಡಿ ಸಿಗುವುದಿಲ್ಲ.

ಇಡುವ ಜಾಗ ಬಂಡೆಯ ಮೇಲಲ್ಲ, ಬಂಡೆ ಮುಗಿದು ಮರಳು ಶುರುವಾಗುವ ಅಂಚು. ಬಂಡೆಯ ಮೇಲೆ ಬಳೆ ಸಮನಾಗಿ ಕೂರುವುದಿಲ್ಲ, ಕೆಲ್ಪ್ ಪಾಚಿಯ ಕಾಡಿನಲ್ಲಿ ಹಗ್ಗ ಬಿಡಿಸಲಾಗುವುದಿಲ್ಲ. ಸೆಳೆತ ಬಲೆಯಿಂದ ಬಂಡೆಯತ್ತ ಹರಿಯುತ್ತಿದ್ದರೆ ಎರೆಯ ವಾಸನೆ ಸಂದಿಗಳೊಳಗೇ ಹೋಗಿ ಕರೆಯುತ್ತದೆ. ಅಂಚಿನುದ್ದಕ್ಕೂ ಐದನ್ನೂ ಸಾಲಾಗಿ ಬಿಟ್ಟು ಮುಗಿಸಿ, ಒಂದಿಷ್ಟು ಕಾದು, ಮೊದಲನೆಯದಕ್ಕೆ ಮರಳುತ್ತಾರೆ. ಎರಡು ಗಂಟೆಗೊಮ್ಮೆಯಾದರೂ ಪ್ರತಿ ಬಲೆಯನ್ನು ಎತ್ತಿ ನೋಡಲೇಬೇಕೆಂಬುದು ಕಾನೂನು. ಬುರುಡೆಗೆ ಹೊಳೆಯುವ ಪಟ್ಟಿ, ಇಲ್ಲವೇ ರಾಸಾಯನಿಕ ಬೆಳಕಿನ ಕಡ್ಡಿ. ತಣ್ಣನೆಯ ನೀರಿನಲ್ಲಿ ಕಡ್ಡಿಯೊಳಗಿನ ಕ್ರಿಯೆ ನಿಧಾನವಾಗಿ ಬೆಳಕು ಮಂಕಾಗುತ್ತದೆ, ಆದರೆ ಹೆಚ್ಚು ಹೊತ್ತು ಬಾಳುತ್ತದೆ. 2017ರಿಂದ ಬುರುಡೆಯ ಮೇಲೆ ಮಾಲೀಕರ ಗುರುತಿನ ಸಂಖ್ಯೆಯೂ ಇರಬೇಕು.

ಬಲೆ ಮೇಲೆ ಬಂತು ಅನ್ನಿ. ಹಣೆದೀಪದ ಬೆಳಕಿನಲ್ಲಿ ಕೆಂಗಂದು ಬಣ್ಣದ ಎರಡು ಮೈಗಳು ಜಾಲದಲ್ಲಿ ಒದ್ದಾಡುತ್ತಿವೆ. ಗಟ್ಟಿ ಕೈಗವಸು ಹಾಕಿ ಬೆನ್ನು ಹಿಡಿಯಬೇಕು. ಮೀಸೆ ಹಿಡಿದರೆ ಮುರಿದು ಕೈಯಲ್ಲೇ ಉಳಿಯುತ್ತದೆ. ಹಿಡಿದೊಡನೆ ಅದು ಕಿರ್ರ್ ಕಿರ್ರ್ ಎನ್ನುತ್ತದೆ. ಗಂಟಲಿನಿಂದಲ್ಲ, ಮೀಸೆಯ ಬುಡದಿಂದ. ಮೀಸೆಬುಡದ ಮೆತ್ತನೆಯ ಭಾಗವೊಂದು ಕಣ್ಣಿನ ಕೆಳಗಿನ ಪಟ್ಟಿಯ ಮೇಲೆ ಅಂಟುತ್ತ ಜಾರುತ್ತ ಸಾಗಿದಾಗ, ಪಿಟೀಲಿನ ಕಮಾನು ತಂತಿಯ ಮೇಲೆ ಆಡಿದಂತೆ ಸದ್ದು ಹುಟ್ಟುತ್ತದೆ ಎಂದು 2001ರಲ್ಲಿ ಶೀಲಾ ಪಾಟೆಕ್ ತೋರಿಸಿದರು. ಪೊರೆ ಕಳಚಿ ಮೈ ಮೆತ್ತಗಾಗಿರುವ ದಿನಗಳಲ್ಲೂ ಈ ವಾದ್ಯ ನುಡಿಯುತ್ತದೆ.

ದೊಡ್ಡದನ್ನು ಅಳೆದಾಗ ಪಾಸಾಯಿತು. ಒದ್ದೆ ಗೋಣಿಚೀಲಕ್ಕೆ ಹೋಯಿತು. ಕಿವಿರು ಒದ್ದೆಯಾಗಿದ್ದರೆ ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕುತ್ತದೆ. ಅಳತೆ ಕಣ್ಣಿನ ಗೂಡಿನ ಹಿಂಭಾಗದಿಂದ ಬೆನ್ನುಚಿಪ್ಪಿನ ಕೊನೆಯವರೆಗೆ, ಮೂರೂಕಾಲು ಇಂಚು, ಸುಮಾರು 83 ಮಿಲಿಮೀಟರ್. ಅಷ್ಟು ಬೆಳೆಯಲು ಈ ಪ್ರಾಣಿಗೆ ಏಳೆಂಟು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ದಿನಕ್ಕೆ ಒಬ್ಬರಿಗೆ ಏಳರ ಮಿತಿ. ಹಂಗಾಮು ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್ ಆರಂಭದಿಂದ ಮಾರ್ಚ್ ನಡುವಿನವರೆಗೆ.

ಎರಡನೆಯದರ ಬೆನ್ನಿನ ಮೇಲೆ ಅಳತೆಪಟ್ಟಿ ಸಡಿಲವಾಗಿ ಅಲ್ಲಾಡಿತು. ಕೂದಲೆಳೆಯಷ್ಟು ಕಡಿಮೆ. ಅಂಚಿನಿಂದ ನೀರಿಗೆ ಬಿಟ್ಟೊಡನೆ ಅದು ಬಾಲ ಮಡಚಿ, ಹಿಮ್ಮುಖವಾಗಿ ಕತ್ತಲೆಗೆ ಚಿಮ್ಮಿ ಹೋಯಿತು. ಅದರ ಹಿಂದೆಯೇ ಹೊಸ ಬಂಗುಡೆ ತುಂಡು ಕಟ್ಟಿಕೊಂಡ ಬಲೆ. ಬಕೆಟ್ಟಿನಿಂದ ಹಗ್ಗ ಸರಸರನೆ ಹೊರಟಿದೆ. ಪಾದ ಅದರಿಂದ ದೂರ ಇರಲಿ.